ಜೊಳ್ಳು ಕಾಯಿಯ ಡ್ರಾಪ್ ಕಿಕ್

೧೯೮೩ರ ಚಳಿಗಾಲ, ತುಮಕೂರಿನ ಕಾಲೇಜೊಂದರ ಮೈದಾನ. ಫುಟ್‌ಬಾಲ್ ಗೋಲಿನ ಎರಡೂ ಕಂಬಗಳಿಗೆ ಬೊಂಬು ಕಟ್ಟಿ ಎತ್ತರ ಮಾಡಿದ್ದರು. ನಾನು ನಿಂತಿದ್ದದ್ದು ಎಡಗಡೆಯ ಕಂಬದ ಹಿಂದೆ, ಬೊಂಬಿಗೆ ಸುತ್ತಿದ ಹಗ್ಗ ಕೈಗೆ ಸಿಗುವಷ್ಟು ಹತ್ತಿರ. ಬೆಳಗಿನ ಬಿಸಿಲು ನನ್ನ ಬೆನ್ನ ಮೇಲಿತ್ತು. ಆದ್ದರಿಂದ ಕಣ್ಣು ಕುಕ್ಕಿ ಏನೋ ತಪ್ಪಾಗಿ ಕಂಡಿರಬೇಕು ಎನ್ನುವಂತಿಲ್ಲ.

ಅಂದು ತಮ್ಮ ಕಾರ್ಖಾನೆಯ ತಂಡಕ್ಕೆ ರಗ್ಬಿ ಆಡುವವನನ್ನು ಆರಿಸಿ ಕೆಲಸ ಕೊಡಲು ಬೆಂಗಳೂರಿನಿಂದ ಇಬ್ಬರು ಬಂದಿದ್ದರು. ಅವರಿಗೆ ಬೇಕಿದ್ದದ್ದು ಚೆಂಡು ಒದೆಯಬಲ್ಲ ಒಬ್ಬನೇ ಒಬ್ಬ. ನಮ್ಮಣ್ಣನಿಗೆ ಕೆಲಸಕ್ಕೆ ಸೇರುವ ವಯಸ್ಸು ಮುಗಿಯುತ್ತ ಬಂದಿತ್ತು. ಮುಂದಿನ ಸಲ ಎಂಬುದು ಅವನಿಗೆ ಇರಲಿಲ್ಲ.

ಆಟ ಕಲಿಸಿದವರು ನಮ್ಮ ಸೋದರಮಾವ. ಮಿಲಿಟರಿ ಬಿಟ್ಟು ಗುಬ್ಬಿಗೆ ಬರುವಾಗ ಮೊಟ್ಟೆಯಂತೆ ಉದ್ದನೆಯ ಒಂದು ರಗ್ಬಿ ಚೆಂಡು ತಂದಿದ್ದರು. ಅಣ್ಣನೂ ನಾನೂ ಕಲಿತೆವು. ಕೈಯಿಂದ ಬಿಟ್ಟು, ನೆಲಕ್ಕೆ ತಾಗುವ ಮೊದಲೇ ಒದ್ದರೆ ಪಂಟ್. ಮರಳಿನ ಗುಪ್ಪೆಯ ಮೇಲೆ ನಿಲ್ಲಿಸಿ ಒದ್ದರೆ ಪ್ಲೇಸ್ ಕಿಕ್. ನೆಲಕ್ಕೆ ಬಿಟ್ಟು, ತಾಗಿದ ಕೂಡಲೇ ಒದ್ದರೆ ಡ್ರಾಪ್ ಕಿಕ್. ಮೊದಲೆರಡನ್ನು ಕಲಿಯುವಷ್ಟರಲ್ಲಿ ಚೆಂಡಿನ ಹೊಲಿಗೆ ಬಿಟ್ಟು ಬ್ಲಾಡರ್ ಒಡೆಯಿತು. ಸೈಕಲ್ ಶಾಪಿನವನ ಪ್ಯಾಚು ನಿಲ್ಲಲಿಲ್ಲ. ತುಮಕೂರಿನ ಆಟದ ಸಾಮಾನಿನ ಅಂಗಡಿಯವನು, "ಉದ್ದನೆ ಚೆಂಡಾ? ಯಾರೋ ತುಳಿದುಬುಟ್ಟವ್ರೆ ಬುಡಿ ಅದ್ನ," ಎಂದು ನಕ್ಕ.

ಆಮೇಲೆ ಮಾವ ತೋಟದಿಂದ ಜೊಳ್ಳು ಕಾಯಿ ತಂದರು. ಒಳಗೆ ನೀರೂ ತಿರುಳೂ ಇಲ್ಲದ, ಬರೀ ಸಿಪ್ಪೆಯ ತೆಂಗಿನಕಾಯಿ. ಒಳ್ಳೆಯ ಕಾಯಿಗಿಂತ ಉದ್ದ, ಹಗುರ. ಆಕಾರದಲ್ಲಿ ಚೆಂಡೇ.

"ಒದೀಲಾ. ಕಾಯಿ ಒದ್ದ ಕಾಲ್ಗೆ ಚೆಂಡು ಹತ್ತಿಯಂಗಿರ್ತದೆ."

"ಬೆರಳು ಮುರಿದ್ರೆ ಮಾವ?" ಅಣ್ಣ ಕೇಳಿದ.

"ಬೆರಳಲ್ಲಿ ಒದಿ ಅಂದೋರ್ಯಾರೋ? ಪಾದದ ಮೇಲ್ಗಡೆಯಿಂದ ಕಣೋ!"

ದಾರಿಹೋಕರು, "ಏನ್ಲಾ, ಕಾಯಿ ಸುಲಿಯಕ್ಕೆ ಹೊಸ ಮಿಷನ್ನಾ?" ಎನ್ನುತ್ತಿದ್ದರು. ಅಣ್ಣ ತಿರುಗಿ ನೋಡುತ್ತಿರಲಿಲ್ಲ. ನನ್ನಂಥ ಕನ್ನಡಕದವನನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೊತ್ತಿದ್ದರೂ ನಾನೂ ಒದ್ದೆ. ಕಾಯಿ ನೆಲಕ್ಕೆ ಬಿದ್ದರೆ ದೊಪ್ಪೆಂದು ಕೂರುತ್ತದೆ. ಅದು ಪಕ್ಕಕ್ಕೆ ವಾಲುವ ಮೊದಲೇ ಕಾಲು ಬುಡಕ್ಕೆ ಹೋಗಬೇಕು. ನನಗದು ಹತ್ತಲಿಲ್ಲ. ಅಣ್ಣನ ಕಾಲಿಗೆ ಹತ್ತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಒದ್ದ ಕಾಯಿ ಹುಣಿಸೆ ಕೊಂಬೆಯ ಮೇಲಿಂದ ಹೋಗುತ್ತಿತ್ತು.

ಆ ದಿನ ತುಮಕೂರಿನಲ್ಲಿ ಅವನ ಪಂಟ್ ಮೈದಾನದ ಗೆರೆ ದಾಟಿತು. ಪ್ಲೇಸ್ ಕಿಕ್ ಬೊಂಬುಗಳ ನಡುವೆ ಹಾದು ಹಿಂದಿನ ಬೇಲಿಗೆ ಬಿತ್ತು. ಬಂದವರಲ್ಲಿ ಹಿರಿಯರು, "ಭೇಷ್. ಈಗ ಡ್ರಾಪ್ ತೋರ್ಸಪ್ಪ," ಎಂದರು.

ಅಣ್ಣ ಚೆಂಡು ಬಿಟ್ಟ. ಅವನ ಕಾಲು ಗುಬ್ಬಿಯಲ್ಲಿ ಹೋಗುತ್ತಿದ್ದಲ್ಲಿಗೇ, ಹೋಗುತ್ತಿದ್ದ ಹೊತ್ತಿಗೇ ಹೋಯಿತು. ಚೆಂಡು ಅಲ್ಲಿರಲಿಲ್ಲ. ನೆಲದಿಂದ ಪುಟಿದು, ಮೊಣಕಾಲಿಗೆ ಬಡಿದು ಉರುಳಿತು. ಇನ್ನೊಂದು ಸಲ ಕೊಟ್ಟರು. ಹಾಗೆಯೇ ಆಯಿತು. ಮತ್ತೊಂದು ಸಲ ಕೊಟ್ಟರು. ಅಣ್ಣ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಕಾಲು ಮಾತ್ರ ಕಲಿತದ್ದನ್ನು ಬಿಡಲಿಲ್ಲ.

ನನ್ನ ಪಕ್ಕದಲ್ಲಿದ್ದ ಮಾವ ಬೊಂಬು ಹಿಡಿದುಕೊಂಡರು. "ಚೆಂಡು ಏಳ್ತದೆ ಕಣೋ," ಎಂದರು, ನನಗೆ ಮಾತ್ರ ಕೇಳುವಂತೆ. "ಕಾಯಿ ಏಳಲ್ಲ. ನನ್ ತಲೇಗೇ ಬರ್ಲಿಲ್ವಲ್ಲೋ."

"ಈಗ್ಲಾದ್ರೂ ಕೂಗಿ ಹೇಳಿ ಮಾವ."

"ಹೇಳಿದ್ರೆ ಕಾಲ್ಗೆ ಕೇಳ್ತದೇನೋ?"

ಮುಂದಿನ ಸರದಿ ಕುಣಿಗಲ್ಲಿನ ಹುಡುಗನದು. ಅವನು ಚೆಂಡು ಬಿಟ್ಟ, ಅದು ಎದ್ದಿತು, ಒದ್ದ. ಅವನನ್ನು ತೆಗೆದುಕೊಂಡರು.

ಗುಬ್ಬಿಯ ಬಸ್ಸಿನಲ್ಲಿ ಅಣ್ಣ ಆಡಿದ್ದು ಒಂದೇ ಮಾತು. "ಚೆಂಡು ಸರಿ ಇರ್ಲಿಲ್ಲ ಮಾವ." ಮಾವ ಹೂಂ ಎಂದರು.

ಮಾವ ತೀರಿಕೊಂಡು ಬಹಳ ವರ್ಷವಾಯಿತು. ಬೆಂಗಳೂರಿನ ಇಬ್ಬರು ಏನಾದರೋ ತಿಳಿಯದು. ಅಂದಿನದನ್ನು ಕಂಡವರಲ್ಲಿ ಇನ್ನೂ ಇದ್ದಾರೆಂದು ನಾನು ಹೇಳಬಲ್ಲವರು ಮೂವರು. ಒಬ್ಬ ಕುಣಿಗಲ್ಲಿನವನು, ಕೆಲಸದಿಂದ ನಿವೃತ್ತನಾಗಿ ಊರಿಗೆ ಮರಳಿದ್ದಾನೆ. ಒಬ್ಬ ನಾನು. ಇನ್ನೊಬ್ಬ ಅಣ್ಣ. ಚೇಳೂರಿನಲ್ಲಿ ಒಬ್ಬರ ತೋಟದ ಕಾಯಿ ಆರಿಸಿ ಗುಡ್ಡೆ ಹಾಕುತ್ತಾನೆ. ಜೊಳ್ಳು ಸಿಕ್ಕರೆ ಉಳಿದವರು ಕಾಲಲ್ಲಿ ತಳ್ಳುತ್ತಾರೆ. ಅವನು ಬಗ್ಗಿ, ಕೈಯಿಂದ ಎತ್ತಿ ಪಕ್ಕಕ್ಕಿಡುತ್ತಾನೆ.