ಇನ್ನೂ ಹತ್ತು ನಿಮಿಷ

ನನ್ನ ಗಂಡ ರತ್ನಾಕರರಿಗೆ ಯಾರ ಮೇಲೂ ನಂಬಿಕೆಯಿಲ್ಲ. ನಾನು ಬಾಗಿಲಿಗೆ ಬೀಗ ಹಾಕಿದರೆ ಅವರು ಮೂರು ಸಲ ಎಳೆದು ನೋಡಬೇಕು. ಮದುವೆಯಾದ ಹೊಸದರಲ್ಲಿ ಮೈ ಉರಿಯುತ್ತಿತ್ತು. ಈಗ, ಎಳೆಯಲಿ ಅತ್ಲಾಗೆ ಎಂದು ಕಾರಿನಲ್ಲಿ ಹೋಗಿ ಕೂರುತ್ತೇನೆ.

ಉಡುಪಿಯಿಂದ ಇಂಗ್ಲೆಂಡಿಗೆ ಬಂದ ಮೇಲೆ ಹನ್ನೊಂದು ವರ್ಷ ಅವರು ದುಡಿದದ್ದು ಮ್ಯಾಕಲ್ಸ್‌ಫೀಲ್ಡ್ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಕೋಳಿ, ದನಗಳ ಆಹಾರಕ್ಕೆ ಸೇರಿಸುವ ವಿಟಮಿನ್ ಪುಡಿ ಅಲ್ಲಿ ತಯಾರಾಗುತ್ತಿತ್ತು. ಕೋಣೆಯಷ್ಟು ದೊಡ್ಡ ಉಕ್ಕಿನ ಮಿಕ್ಸರ್. ವಿಟಮಿನ್ನು, ತೌಡು ಸೇರಿ ಒಂದು ಟನ್ ಪುಡಿ ಸುರಿದು, ಹದಿನೈದು ನಿಮಿಷ ಉರುಳಿಸಿ ನಿಲ್ಲಿಸಬೇಕು. ಬೆಳಗಿನ ಪಾಳಿ ಮೈಸೂರಿನ ಮಹೇಶನದು, ಮಧ್ಯಾಹ್ನ ಎರಡರಿಂದ ಇವರದು. ಮಹೇಶ ಕೊನೆಯ ಲೋಡು ಉರುಳಿಸಿ, ಹಾಳೆಗೆ ಸಹಿ ಹಾಕಿ ಹೋಗುತ್ತಿದ್ದ; ಇವರು ಬಂದು ಅದನ್ನು ಚೀಲಕ್ಕಿಳಿಸುತ್ತಿದ್ದರು.

೨೦೦೩ರ ಮಾರ್ಚ್‌ನಲ್ಲಿ ಆ ಲೋಡುಗಳೇ ಲ್ಯಾಬಿನಲ್ಲಿ ಫೇಲಾಗತೊಡಗಿದವು. ಒಂದು ಚೀಲದಲ್ಲಿ ವಿಟಮಿನ್ ಜಾಸ್ತಿ, ಇನ್ನೊಂದರಲ್ಲಿ ಹೆಸರಿಗೂ ಇಲ್ಲ.

“ಅವ ಮನೆಗೆ ಓಡುವ ಅರ್ಜೆಂಟಿನಲ್ಲಿ ಬೇಗ ನಿಲ್ಲಿಸ್ತಾನೆ,” ಎಂದರು ಇವರು, ಊಟಕ್ಕೆ ಕೂತು.

“ನೀವು ಕಣ್ಣಾರೆ ನೋಡಿದ್ದೀರಾ?”

“ನೋಡುವುದೆಂತ? ಬೆಂಕಿಯಿಲ್ಲದೆ ಹೊಗೆ ಬರ್ತದಾ?”

ಮ್ಯಾನೇಜರಿಗೂ ಹಾಗೆಯೇ ಹೇಳಿಬಂದರು. ವಿಚಾರಣೆ ಮುಗಿಯುವವರೆಗೆ ಮಹೇಶನನ್ನು ಮನೆಗೆ ಕಳಿಸಿದರು. ಅವನ ಕೆಲಸ ಹೋದಂತೆಯೇ ಎಂದು ಎಲ್ಲರೂ ಮಾತಾಡಿಕೊಂಡರು. ಬೆಳಗಿನ ಪಾಳಿಗೆ ಮ್ಯಾನೇಜರೇ ನಿಂತ. ಲೋಡುಗಳೆಲ್ಲ ಪಾಸಾದವು. “ಈಗ ಗೊತ್ತಾಯ್ತಾ?” ಎಂದು ಇವರು ನನ್ನೆದುರು ಎದೆಯುಬ್ಬಿಸಿದರು.

ಎರಡು ವಾರದ ಮೇಲೆ, ಒಂದು ಭಾನುವಾರ, ನಾನು ಖಾರದವಲಕ್ಕಿ ಬೆರೆಸಿ ಡಬ್ಬಕ್ಕೆ ತುಂಬಿದೆ. ಇವರು ಅದನ್ನೆತ್ತಿ ಕುಲುಕಲು ಶುರುಮಾಡಿದರು. ಕುಲುಕಿದರು, ಕುಲುಕಿದರು, ನಿಲ್ಲಿಸುವ ಲಕ್ಷಣವೇ ಇಲ್ಲ.

“ಸಾಕು ಮಾರಾಯ್ರೆ! ಕುಲುಕಿದಷ್ಟೂ ಖಾರಪುಡಿ ತಳಕ್ಕೆ ಇಳೀತದೆ. ಬೆರೆತದ್ದನ್ನು ಯಾಕೆ ಬೇರೆ ಮಾಡ್ತೀರಿ?”

ಅವರ ಕೈ ನಿಂತಿತು. ಡಬ್ಬ ಕೆಳಗಿಟ್ಟರು.

“ಸೇವಂತಿ, ಮಹೇಶನ ಲೋಡನ್ನು ನಾನು ದಿನಾ ಇನ್ನೂ ಹತ್ತು ನಿಮಿಷ ತಿರುಗಿಸ್ತಿದ್ದೆ. ಒಂದು ದಿನ ಅವ ಎರಡು ಗಂಟೆಗೆ ಮೊದಲೇ ಕೋಟು ಹಾಕಿ ನಿಂತಿದ್ದ. ಆವತ್ತಿನಿಂದ ನಂಗೆ ಸಂಶಯ.”

“ಮ್ಯಾನೇಜರ ಲೋಡನ್ನು?”

“ಅದನ್ನು ಹೇಗೆ ತಿರುಗಿಸುವುದು? ಅವ ಮ್ಯಾನೇಜರ್ ಅಲ್ವಾ?”

ಅಯ್ಯೋ ದೇವರೇ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನಾಳೆಯೇ ಹೋಗಿ ಹೇಳಿ.”

“ಹೇಳಿದರೆ ನನ್ನ ಕೆಲಸ ಹೋಗ್ತದೆ.”

“ಹೋಗಲಿ! ನೀವು ಹೇಳದಿದ್ದರೆ ನಾನೇ ಫೋನ್ ಮಾಡ್ತೇನೆ.”

ಹೇಳಿದರು. ಕಾರ್ಖಾನೆಯವರು ಇವರಿಗೆ ಎಚ್ಚರಿಕೆಯ ಪತ್ರ ಕೊಟ್ಟು ಪ್ಯಾಕಿಂಗಿಗೆ ಹಾಕಿದರು, ಮಹೇಶನನ್ನು ವಾಪಸು ಕರೆದರು. ಆ ಸಂಜೆ ಕ್ಷಮೆ ಕೇಳಲು ಹತ್ತಿರದ ವಿದನ್‌ಶಾ ಊರಿನ ಅವನ ಮನೆಗೆ ಹೋದೆವು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಕೆಲ್ಸ ಸಿಕ್ತು ಬಿಡಿ ಅಣ್ಣ,” ಎಂದ. “ಆದ್ರೆ ‘ನಿಜ ಹೇಳಿ, ಬೇಗ ನಿಲ್ಲಿಸಿದ್ರಾ’ ಅಂತ ನನ್ನ ಹೆಂಡ್ತಿ ದಿನಾ ಕೇಳ್ತಿದ್ಲು. ಇಲ್ಲ ಅಂದ್ರೆ ನಂಬ್ತಾನೇ ಇರ್ಲಿಲ್ಲ. ಕೊನೆಗೆ ಮೊನ್ನೆ, ಹೂಂ, ನಿಲ್ಲಿಸಿದ್ದೆ ಅಂತ ಸುಳ್ಳೇ ಅಂದ್ಬಿಟ್ಟೆ.”

ಟೀ ತರುತ್ತಿದ್ದ ಅವನ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು.