ನೋಟ್‌ಬುಕ್ಕಿನೊಳಗಿನ ಅಪ್ಪ

ಹೊತ್ತಿಲ್ಲ ಗೊತ್ತಿಲ್ಲ ಎನ್ನದೆ ವಟಗುಟ್ಟುತ್ತಿದ್ದ ಮಗಳಿಗೆ ‘ಪಿಟೀಲು’ ಎಂದು ಅಡ್ಡಹೆಸರಿಟ್ಟವನು ಅಪ್ಪನೇ. ಲಿಫ್ಟ್ ರಿಪೇರಿ ಅವನ ಕೆಲಸ. ಎಷ್ಟು ತಿಕ್ಕಿ ತೊಳೆದರೂ ಕೈಯಿಂದ ಗ್ರೀಸಿನ ವಾಸನೆ ಹೋಗುತ್ತಿರಲಿಲ್ಲ. ಅವಳಿಗೆ ಹತ್ತು ತುಂಬಿದ ವರ್ಷ ಅಪ್ಪ ಅಮ್ಮನ ಡೈವೋರ್ಸ್ ಆಯಿತು. ಅಪ್ಪ ನದಿಯಾಚೆಯ ಬಡಾವಣೆಗೆ ಹೋದ. ಪಿಟೀಲು ಬಾಯಿಗೆ ಬೀಗ ಹಾಕಿಕೊಂಡಳು. ಕೇಳಿದ್ದಕ್ಕೆ ಹೂಂ, ಇಲ್ಲವೇ ಉಹೂಂ.

ಕ್ಲಾಸ್ ಟೀಚರು ಇನ್ನೂರು ಪುಟದ ನೋಟ್‌ಬುಕ್ ತಂದುಕೊಟ್ಟರು. “ಮಾತಾಡೋಕೆ ಮನಸ್ಸಿಲ್ದಿದ್ರೆ ಬೇಡಮ್ಮ. ದಿನಾ ಏನೇನಾಯ್ತೋ ಇದ್ರಲ್ಲಿ ಬರಿ. ನಾನಂತೂ ಓದಲ್ಲ.”

ಬರೆದಳು. ಆದರೆ ಆದದ್ದನ್ನಲ್ಲ. ‘ಸೋಮವಾರ. ಅಪ್ಪ ಆರೂವರೆಗೆ ಬಂದರು. ಬೀಗದಕೈ ಮೊಳೆಗೆ ಹಾಕಿದರು. ಅಮ್ಮನ ಟೀಯನ್ನೂ ತಾವೇ ಕುಡಿದರು.’ ಹೀಗೆ ಮನೆಯಲ್ಲಿಲ್ಲದ ಅಪ್ಪ ದಿನಾ ಪುಟದೊಳಕ್ಕೆ ಬರತೊಡಗಿದ.

ಬರಬರುತ್ತ ಅವನು ಪುಟದಲ್ಲೇ ಇರಲೊಲ್ಲ. ಸಂಜೆ ಲಿಫ್ಟು ತಮ್ಮ ನಾಲ್ಕನೇ ಮಹಡಿಯಲ್ಲಿ ನಿಂತ ಸದ್ದಾದರೆ ಓಡಿಹೋಗಿ ಮನೆಯ ಕದ ತೆರೆಯುವಳು. ಲಿಫ್ಟಿನೊಳಗೆ ಬಿಳಿ ದೀಪ, ಖಾಲಿ ಕನ್ನಡಿ, ಗ್ರೀಸಿನ ವಾಸನೆ. ಅದು ಲಿಫ್ಟಿನದೇ ವಾಸನೆ ಎಂದು ಅವಳಿಗೆ ಗೊತ್ತು. ಆದರೂ ಒಬ್ಬರು ಒಳಗೆ ಬರುವಷ್ಟು ಹೊತ್ತು ಕದ ಹಿಡಿದು ನಿಂತು, ಆಮೇಲೆ ಮುಚ್ಚುವಳು.

ಭಾನುವಾರಗಳಂದು ನಿಜವಾದ ಅಪ್ಪ ಅವಳನ್ನು ಪಾರ್ಕಿಗೆ ಕರೆದೊಯ್ಯುತ್ತಿದ್ದ. ಮೀಸೆ ಬೋಳಿಸಿದ್ದ. “ಸ್ಕೂಲು ಹೇಗಿದೆ?” ಎಂದು ನೆಂಟರಂತೆ ಕೇಳುತ್ತಿದ್ದ. ಒಂದು ಭಾನುವಾರ ಬಿಸಿಲು ಇಳಿಯುತ್ತಿದ್ದಂತೆ ಪಿಟೀಲು ಗಡಬಡಿಸಿ ಎದ್ದಳು.

“ಹೊತ್ತಾಯ್ತು, ನಾನು ಹೋಗ್ಬೇಕು. ಅಪ್ಪ ಬರ್ತಾರೆ.”

“ಯಾರು ಬರ್ತಾರೆ?” ಎಂದ ಅಪ್ಪ.

ಅವಳು ನಾಲಿಗೆ ಕಚ್ಚಿಕೊಂಡಳು.

ಅಪ್ಪ ಮರುದಿನವೇ ಅಮ್ಮನಿಗೆ ಫೋನ್ ಮಾಡಿದ. ಆರು ತಿಂಗಳ ನಂತರ ಅವರಿಬ್ಬರೂ ಜಗಳವಿಲ್ಲದೆ ಆಡಿದ ಮೊದಲ ಮಾತು ಅದು. ಅಮ್ಮ ಮಗಳ ಹಾಸಿಗೆ ತಡಕಿದಳು, ನೋಟ್‌ಬುಕ್ ಸಿಕ್ಕಿತು. ಪಿಟೀಲು ಶಾಲೆಯಿಂದ ಬಂದಾಗ ಅದು ಅಮ್ಮನ ತೊಡೆಯ ಮೇಲೆ ತೆರೆದಿತ್ತು.

“ಜಗಳಾನೂ ಬರ್ದಿದೀಯಲ್ಲೇ! ಸುಳ್ಳು ಬರೆಯೋದೇ ಆದ್ರೆ ಚೆನ್ನಾಗಿರೋದನ್ನ ಬರೀಬಾರ್ದಿತ್ತಾ?”

“ಜಗಳ ಆಡ್ದಿದ್ರೆ ಅದು ನೀವಿಬ್ರೂ ಅಂತ ಅನ್ಸಲ್ಲಮ್ಮ.”

ಅಮ್ಮ ನಗಲು ಹೋದಳು, ಅಳು ಬಂತು. “ಅಪ್ಪ ಇರ್ಲಿಲ್ಲ, ಕಟ್ಟಿ ಬರ್ದೆ, ಸರಿ. ನಾನು ಇಲ್ಲೇ ಇದ್ನಲ್ಲ ಮಗಳೇ. ನನ್ನನ್ನೂ ಯಾಕೆ ಕಟ್ಟಿ ಬರ್ದೆ?”

ಪಿಟೀಲು ತಲೆಯೆತ್ತಿ ನೋಡಿದಳು. ಅಮ್ಮನನ್ನು ಸರಿಯಾಗಿ ನೋಡಿಯೇ ಎಷ್ಟೋ ದಿನವಾಗಿತ್ತು. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಷರಟುಗಳಿಗೆ ಕಾಜ ಹೊಲಿಯುವವಳು. ಅವಳ ತೋರುಬೆರಳಿಗೆ ಬ್ಯಾಂಡೇಜ್ ಇತ್ತು; ಅದೂ ಮಾಸಿ ಕಪ್ಪಾಗಿತ್ತು.

“ಇದು ಯಾವಾಗ ಆಯ್ತು?”

“ಹೋದ ಮಂಗಳವಾರ. ಸೂಜಿ ಹೊಕ್ಕಿತು.”

ಪಿಟೀಲು ಪುಟ ತಿರುವಿದಳು. ಆ ಮಂಗಳವಾರ ಅಮ್ಮ ಅಪ್ಪನ ಜೊತೆ ಸಿನಿಮಾಕ್ಕೆ ಹೋಗಿದ್ದಳು. ಅದರ ಕೆಳಗೆ, ಅಮ್ಮ ನೋಡುತ್ತಿದ್ದಂತೆಯೇ ಬರೆದಳು: ‘ಇದು ಆಗಲಿಲ್ಲ. ಅಮ್ಮನ ಬೆರಳಿಗೆ ಸೂಜಿ ಹೊಕ್ಕಿತು. ನಾನು ನೋಡಲಿಲ್ಲ.’

ಮುಂದಿನ ಭಾನುವಾರ ಅವಳೇ ನೋಟ್‌ಬುಕ್ಕನ್ನು ಪಾರ್ಕಿಗೆ ಒಯ್ದಳು. ಅಪ್ಪ ಬೆಂಚಿನ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಓದಿದ. ನೋಟ್‌ಬುಕ್ ಮುಚ್ಚಿ, “ಇವನು ಒಂದಿನಾನೂ ತಪ್ಪಿಸಿಲ್ಲ, ನೋಡು,” ಎಂದ. “ಇದನ್ನ ನನಗೆ ಕೊಡ್ತೀಯಾ?”

ಪಿಟೀಲು ಇಲ್ಲವೆಂದು ತಲೆಯಾಡಿಸಿ, ವಾಪಸು ಇಸಿದುಕೊಂಡಳು.

ಮರುದಿನದಿಂದ ಹೊಸ ನೋಟ್‌ಬುಕ್ಕಿನಲ್ಲಿ ಆದದ್ದನ್ನಷ್ಟೇ ಬರೆದಳು. ಹೆಚ್ಚು ದಿನ ಎರಡೇ ಸಾಲು. ಹಳೆಯದನ್ನು ಬೀರುವಿನ ಕೆಳಖಾನೆಯಲ್ಲಿಟ್ಟಳು. ಅದರ ಮೇಲೆ ಭಾರವಾದದ್ದೇನನ್ನೂ ಇಡಲು ಅಮ್ಮನಿಗೂ ಬಿಡಲಿಲ್ಲ, ಒಳಗಿದ್ದವರಿಗೆ ಉಸಿರುಕಟ್ಟೀತೆಂದು.