ತಗದಿಡು ಅಂದದ್ದು

ನನಗೆ ಫೋಟೋ ತೆಗೆಯಲು ಬರುವುದಿಲ್ಲ. ಆದರೂ ೧೯೮೦ರ ಹೊತ್ತಿಗೆ ಇಚಲಕರಂಜಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಹನ್ನೊಂದು ಹಳೆಯ ಕ್ಯಾಮೆರಾಗಳಿದ್ದವು. ಗಾಜಿಗೆ ಬೂಷ್ಟು ಹಿಡಿದಿರಬಾರದು, ಮುಂದಕ್ಕೆ ಚಾಚುವ ಚರ್ಮದ ಮಡಿಕೆಯಲ್ಲಿ ತೂತಿರಬಾರದು, ಮೂಲದ ಚೀಲ ಜೊತೆಗಿರಬೇಕು, ಅಂಥದ್ದಕ್ಕೇ ಬೆಲೆ ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ. ಶಾಲಾ ಮಾಸ್ತರನ ಚಟ ಅದು. ಹೆಂಡತಿ ಶಾಂತಾ ಮಾತ್ರ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ಇದರಾಗ ಯಾವುದಾರ ಕ್ಯಾಮೆರಾ ಫೋಟೋ ತಗೀತೈತೇನ್ರಿ?” ಒಂದು ತೆಗೆಯುತ್ತಿತ್ತು. ಅದಕ್ಕೆ ರೋಲು ಹಾಕಲು ನನಗೆ ಪುರುಸೊತ್ತಿರಲಿಲ್ಲ.

ಹನ್ನೆರಡನೆಯದು ಸಿಕ್ಕಿದ್ದು ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ ವಿರೂಪಾಕ್ಷಪ್ಪನವರ ಮನೆಯಲ್ಲಿ. ಹಿಂದಿನ ಮುಚ್ಚಳ ತುಕ್ಕು ಹಿಡಿದು ಬಿಗಿದು, ಒಳಗೆ ರೋಲು ಇದ್ದ ಹಾಗೆಯೇ ಇಪ್ಪತ್ತು ವರ್ಷದಿಂದ ಟ್ರಂಕಿನಲ್ಲಿ ಬಿದ್ದಿತ್ತು. ಪುಕ್ಕಟೆ ಕೊಟ್ಟರು, ಒಂದು ಕರಾರಿನ ಮೇಲೆ.

“ಕ್ಯಾಮೆರಾ ನಿಮ್ದು, ಮಾಸ್ತರ್ರ. ಒಳಗಿನ ರೋಲ ತೊಳಸಿ ನನಗ ಕೊಡ್ರಿ. ಇಕೀದು ಒಂದ ಫೋಟೋ ಅದರಾಗ ಐತಿ.”

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವರ ಹೆಂಡತಿ ಗೌರವ್ವ ತಲೆಯನ್ನೇ ಎತ್ತಲಿಲ್ಲ. “ಇಪ್ಪತ್ತ ವರ್ಷ ಆತ್ರಿ, ತಗದೇನಿ ತಗದೇನಿ ಅಂತಾರ. ಬಿಸಲಾಗ ನಿಲ್ಲಿಸಿದ್ದಷ್ಟ ಖರೆ.”

ವಿರೂಪಾಕ್ಷಪ್ಪ ನಕ್ಕರು, ಆದರೆ ಆ ನಗೆಯಲ್ಲಿ ಹುರುಪಿರಲಿಲ್ಲ. ಪಾಪ, ಸ್ವಂತ ಮನೆಯಲ್ಲೇ ಇಪ್ಪತ್ತು ವರ್ಷ ಸುಳ್ಳುಗಾರ ಅನ್ನಿಸಿಕೊಂಡಿದ್ದರು.

ಮನೆಗೆ ತಂದು ಮುಚ್ಚಳದ ಜೊತೆ ಗುದ್ದಾಡಿ ಸೋತೆ. ಮರುದಿನ ಶಾಲೆಗೆ ಓಡುವ ಅವಸರದಲ್ಲಿ ಶಾಂತಾಳಿಗೆ, “ಆ ಕ್ಯಾಮೆರಾ ತಗದಿಡು,” ಅಂದೆ. ಕಪಾಟಿನಲ್ಲಿ ಎತ್ತಿಡು ಎಂದು ನನ್ನ ಅರ್ಥ. ನಮ್ಮ ಭಾಷೆಯ ಜಿಪುಣತನ ನೋಡಿ: ಫೋಟೋ ತೆಗೆಯುವುದೂ ತಗಿ, ಬಾಗಿಲು ತೆರೆಯುವುದೂ ತಗಿ, ಎತ್ತಿಡುವುದೂ ತಗದಿಡು. ಮರಾಠಿಯಲ್ಲಿ ಫೋಟೋಕ್ಕೆ ‘ಕಾಢಣೆ’, ಬಾಗಿಲಿಗೆ ‘ಉಘಡಣೆ’. ಅವರ ಸಂಸಾರಗಳಲ್ಲಿ ಈ ಫಜೀತಿ ಇರಲಾರದು.

ಸಂಜೆ ಬಂದು ನೋಡಿದರೆ ಕ್ಯಾಮೆರಾ ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ಬಾಯಿ ತೆರೆದುಕೊಂಡು ಕೂತಿದೆ.

“ಶೇಂಗಾ ಎಣ್ಣಿ ಬಿಟ್ಟು ತಗದೇನ್ರಿ. ನಿಮ್ಮ ಕೈಲೆ ಆಗಿರಲಿಲ್ಲ ನೋಡ್ರಿ!” ಎಂದಳು ಶಾಂತಾ, ಹೆಮ್ಮೆಯಿಂದ.

ಓಡಿಹೋಗಿ ಮುಚ್ಚಳ ಮುಚ್ಚಿದೆ. ಬೆಳಕು ಬಿದ್ದ ಫಿಲಮಿನಲ್ಲಿ ಏನು ಉಳಿದೀತು? ಗೌರವ್ವನ ಮುಂದೆ ಇನ್ನು ಆ ಹಿರಿಯರ ಗತಿಯೇನು?

ರವಿವಾರ ರೋಲನ್ನು ಕರಿಬಟ್ಟೆಯಲ್ಲಿ ಸುತ್ತಿಕೊಂಡು ಕೊಲ್ಹಾಪುರದ ಒಂದು ಸ್ಟುಡಿಯೋಕ್ಕೆ ಹೋದೆ. ಅಲ್ಲಿಯ ಮುದುಕ ಅದನ್ನು ತಿರುಗಿಸಿ ನೋಡಿ, “ಕಾಹೀ ಝಾಲಂ ನಾಹೀ, ಮಾಸ್ತರ,” ಎಂದ. ಏನೂ ಆಗಿಲ್ಲವಂತೆ! ಕೊನೆಯ ಫೋಟೋ ತೆಗೆದ ಮೇಲೆ ವಿರೂಪಾಕ್ಷಪ್ಪ ರೋಲನ್ನು ಪೂರ್ತಿ ಸುತ್ತಿಬಿಟ್ಟಿದ್ದರು; ಅದರ ಬೆನ್ನಿನ ಕಪ್ಪು ಕಾಗದವೇ ಬೆಳಕು ತಾಗದಂತೆ ಫಿಲಮಿಗೆ ಬಿಗಿಯಾಗಿ ಹೊದಿಕೆಯಾಗಿತ್ತು. ಊರಿಗೆಲ್ಲ ಕ್ಯಾಮೆರಾದ ಪಾಠ ಹೇಳುವ ನನಗೆ ಇಷ್ಟೂ ಗೊತ್ತಿರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದು ತಂಬಿಗೆ ನೀರು ಕುಡಿದೆ.

ರೋಲಿನ ಎಂಟು ಫೋಟೋಗಳಲ್ಲಿ ಏಳು ಹಳತಾಗಿ ಬರೀ ಮಸಿ. ಒಂದು ಬಂದಿತ್ತು. ಅದನ್ನು ಗಡಹಿಂಗ್ಲಜಕ್ಕೆ ಒಯ್ದು ಗೌರವ್ವನ ಕೈಗೇ ಕೊಟ್ಟೆ. ಬಾವಿಕಟ್ಟೆಯ ಹತ್ತಿರ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತ ನಿಂತ ಹೆಣ್ಣುಮಗಳು. ಗೌರವ್ವ ಬಹಳ ಹೊತ್ತು ನೋಡಿದರು.

“ಇಷ್ಟ ಚಂದ ಇದ್ನೇನ್ರಿ ನಾ?”

“ಅದಕ್ಕ ತಗದಿದ್ನಲ್ಲ,” ಎಂದರು ವಿರೂಪಾಕ್ಷಪ್ಪ. ಹೊತ್ತ ಭಾರ ಇಳಿಸಿದವರ ದನಿ ಅದು. ನನ್ನದೂ ಇಳಿಯಿತು.

ಚರ್ಮಕ್ಕೆ ತೂತು, ಗಾಜಿಗೆ ಬೂಷ್ಟು, ಮೈಗೆಲ್ಲ ಶೇಂಗಾ ಎಣ್ಣೆಯ ವಾಸನೆ. ನನ್ನ ಪಾಠದ ಪ್ರಕಾರ ಕವಡೆಯ ಕಿಮ್ಮತ್ತೂ ಇಲ್ಲದ ಆ ಕ್ಯಾಮೆರಾ ಈಗ ಕಪಾಟಿನ ಮುಂದಿನ ಸಾಲಿನಲ್ಲಿದೆ. ಫೋಟೋ ಕೊಟ್ಟು ಬಂದ ಮರು ರವಿವಾರವೇ, ಕೆಲಸ ಮಾಡುವ ಆ ಒಂದು ಕ್ಯಾಮೆರಾಕ್ಕೆ ರೋಲು ಹಾಕಿ, ಶಾಂತಾಳನ್ನು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿದೆ. ಅವಳು ಸೆರಗು ಸರಿಮಾಡಿಕೊಂಡು ಕೇಳಿದಳು:

“ತಗೀತೀರೋ, ತಗದಿಡ್ತೀರೋ?”